ಶರದೃತುವಿನ ತರಕಾರಿ ಬೇಸಾಯ: ಸಣ್ಣ ಹಿಡುವಳಿಯಲ್ಲಿ ಹಂತಹಂತದ ಬಿತ್ತನೆ ಮತ್ತು ಕೊಯ್ಲು

ಪೀಠಿಕೆ

ಕರ್ನಾಟಕದ ಪೂರ್ವ ಮತ್ತು ದಕ್ಷಿಣ ಒಣವಲಯಗಳಲ್ಲಿ, ಅಂದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ತುಮಕೂರು, ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಬಹುಭಾಗದಲ್ಲಿ, ಒಂದೆರಡು ಎಕರೆ ಜಮೀನುಳ್ಳ ರೈತ ಕುಟುಂಬಗಳಿಗೆ ತರಕಾರಿಯೇ ಕೈಗೆ ನಗದು ತಂದುಕೊಡುವ ಬೆಳೆ. ಈ ಭಾಗದಲ್ಲಿ ಭಾದ್ರಪದದಿಂದ ಕಾರ್ತಿಕದವರೆಗಿನ ಅವಧಿಯು ತರಕಾರಿಗೆ ಅನುಕೂಲವೂ ಹೌದು, ಅಪಾಯಕಾರಿಯೂ ಹೌದು. ಬಿಸಿಲಿನ ತಾಪ ಕಡಿಮೆಯಾಗಿ ಮಣ್ಣಿನಲ್ಲಿ ತೇವವಿರುತ್ತದೆ. ಪಿತೃಪಕ್ಷ, ನವರಾತ್ರಿ, ದೀಪಾವಳಿಗಳ ಕಾರಣದಿಂದ ಬೇಡಿಕೆ ಹೆಚ್ಚುತ್ತದೆ. ಆದರೆ ಇದೇ ಅವಧಿಯಲ್ಲಿ ಸತತ ಮಳೆ, ಎಲೆಗಳ ಮೇಲೆ ನಿಲ್ಲುವ ತೇವ ಮತ್ತು ಅದರಿಂದ ಹರಡುವ ರೋಗಗಳು ಇಡೀ ಬೆಳೆಯನ್ನು ಒಂದೇ ವಾರದಲ್ಲಿ ಹಾಳುಮಾಡಬಲ್ಲವು. ಅಲ್ಲದೆ ಎಲ್ಲರ ಫಸಲೂ ಒಮ್ಮೆಗೇ ಮಾರುಕಟ್ಟೆಗೆ ಬಂದಾಗ ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ ಉಂಟಾಗುತ್ತದೆ.

ಈ ಎರಡೂ ಅಪಾಯಗಳನ್ನು ತಗ್ಗಿಸಲು ಸಣ್ಣ ರೈತನ ಕೈಯಲ್ಲಿರುವ ಮುಖ್ಯ ಸಾಧನವೆಂದರೆ ಬಿತ್ತನೆಯನ್ನು ಕಂತುಗಳಾಗಿ ಹಂಚುವುದು. ಇಡೀ ಜಮೀನಿಗೆ ಒಂದೇ ಬೆಳೆಯನ್ನು ಒಂದೇ ದಿನ ಹಾಕದೆ, ಕೊಯ್ಯಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ, ಸ್ವಲ್ಪ ಸ್ವಲ್ಪವಾಗಿ ಬಿತ್ತಿದಲ್ಲಿ ಸೆಪ್ಟೆಂಬರ್ ಮಧ್ಯಭಾಗದಿಂದ ಡಿಸೆಂಬರ್‌ವರೆಗೆ ಪ್ರತಿ ವಾರವೂ ಮಾರಲು ಏನಾದರೊಂದು ಇರುತ್ತದೆ. ಈ ಲೇಖನದಲ್ಲಿ ಆ ಕ್ರಮವನ್ನು ಒಂದು ಎಕರೆಯ ಮಾದರಿಯೊಂದಿಗೆ ವಿವರಿಸಲಾಗಿದೆ.

ಋತುವಿನ ಸ್ವರೂಪ

ಶೀತ ದೇಶಗಳಲ್ಲಿ ಶರದೃತುವಿನ ತರಕಾರಿಗೆ ಮಿತಿ ಹಾಕುವುದು ಹಿಮ. ನಮ್ಮ ಮೈದಾನ ಪ್ರದೇಶದಲ್ಲಿ ಹಿಮವಿಲ್ಲ. ಇಲ್ಲಿ ಮಿತಿ ಹಾಕುವುದು ಮೊದಲು ಅತಿಯಾದ ತೇವ, ಅನಂತರ ತೇವದ ಕೊರತೆ. ನೈಋತ್ಯ ಮುಂಗಾರು ಸೆಪ್ಟೆಂಬರ್ ಕೊನೆಯವರೆಗೆ ಇದ್ದು, ಅಕ್ಟೋಬರ್‌ನಿಂದ ಈಶಾನ್ಯ ಹಿಂಗಾರು ಆರಂಭವಾಗುತ್ತದೆ. ಈ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳೇ ವರ್ಷದ ಹೆಚ್ಚು ಮಳೆಯ ತಿಂಗಳುಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದಾಗ ನವೆಂಬರ್‌ನಲ್ಲಿಯೂ ಮೂರ್ನಾಲ್ಕು ದಿನ ಬಿಡದೆ ಜಿನುಗು ಮಳೆ ಬರುವುದುಂಟು.

ರೈತರು ಮಳೆ ನಕ್ಷತ್ರಗಳ ಲೆಕ್ಕದಲ್ಲಿಯೇ ಬೇಸಾಯದ ಕಾಲವನ್ನು ಗುರುತಿಸುವುದರಿಂದ ಅದನ್ನು ಇಲ್ಲಿ ದಿನಾಂಕಗಳೊಂದಿಗೆ ಕೊಡಲಾಗಿದೆ. ವರ್ಷದಿಂದ ವರ್ಷಕ್ಕೆ ಒಂದು ದಿನದ ವ್ಯತ್ಯಾಸವಿರಬಹುದು.

- ಮಘೆ: ಆಗಸ್ಟ್ 17 ರಿಂದ 30
- ಹುಬ್ಬೆ: ಆಗಸ್ಟ್ 31 ರಿಂದ ಸೆಪ್ಟೆಂಬರ್ 13
- ಉತ್ತರೆ: ಸೆಪ್ಟೆಂಬರ್ 14 ರಿಂದ 26
- ಹಸ್ತ: ಸೆಪ್ಟೆಂಬರ್ 27 ರಿಂದ ಅಕ್ಟೋಬರ್ 10
- ಚಿತ್ತೆ: ಅಕ್ಟೋಬರ್ 11 ರಿಂದ 23
- ಸ್ವಾತಿ: ಅಕ್ಟೋಬರ್ 24 ರಿಂದ ನವೆಂಬರ್ 5
- ವಿಶಾಖೆ: ನವೆಂಬರ್ 6 ರಿಂದ 18
- ಅನುರಾಧ: ನವೆಂಬರ್ 19 ರಿಂದ ಡಿಸೆಂಬರ್ 2

ಮಳೆಯ ಜೊತೆಗೆ ಹಗಲಿನ ಅವಧಿಯ ಬದಲಾವಣೆಯನ್ನೂ ಗಮನಿಸಬೇಕು. ಬೆಂಗಳೂರಿನ ಅಕ್ಷಾಂಶದಲ್ಲಿ ಆಗಸ್ಟ್ ಮಧ್ಯದಲ್ಲಿ ಸುಮಾರು 12 ಗಂಟೆ 30 ನಿಮಿಷವಿರುವ ಹಗಲು, ನವೆಂಬರ್ ಮಧ್ಯದ ವೇಳೆಗೆ ಸುಮಾರು 11 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಒಂದು ಗಂಟೆಯ ಈ ಇಳಿಕೆ ಅಲ್ಪವೆಂದು ತೋರಿದರೂ ಅವರೆಯಂತಹ ಬೆಳೆಗೆ ಅದೇ ಹೂ ಬಿಡುವ ಸೂಚನೆ. ರಾತ್ರಿಯ ಉಷ್ಣತೆ ಇಳಿದಂತೆ ಬೆಂಡೆ, ಹೀರೆ ಮುಂತಾದ ಬೆಚ್ಚನೆಯ ಹವೆಯನ್ನು ಬಯಸುವ ಬೆಳೆಗಳ ಬೆಳವಣಿಗೆ ನಿಧಾನವಾಗುತ್ತದೆ; ಕೋಸು, ನವಿಲುಕೋಸು, ಕ್ಯಾರೆಟ್, ಬೀಟ್‌ರೂಟ್‌ಗಳು ಗುಣಮಟ್ಟದಲ್ಲಿ ಉತ್ತಮಗೊಳ್ಳುತ್ತವೆ. ಬೆಳೆಗಳ ಆಯ್ಕೆಯು ಈ ತಿರುವನ್ನು ಅನುಸರಿಸಬೇಕು.

ಕೊಯ್ಲಿನಿಂದ ಹಿಂದಕ್ಕೆ ಎಣಿಸುವ ಕ್ರಮ

ಬಿತ್ತನೆಯ ದಿನವನ್ನು ನಿಗದಿಪಡಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಈ ತರಕಾರಿ ಯಾವ ವಾರದಲ್ಲಿ ಮಾರುಕಟ್ಟೆಗೆ ಬರಬೇಕು? ಬಿತ್ತಿದ ಅಥವಾ ನಾಟಿ ಮಾಡಿದ ಎಷ್ಟು ದಿನಗಳಿಗೆ ಮೊದಲ ಕೊಯ್ಲು? ಆ ವಾರದಲ್ಲಿ ಕೊಯ್ಯಲು ಮನೆಯಲ್ಲಿ ಎಷ್ಟು ಕೈಗಳಿವೆ? ಮೂರನೆಯ ಪ್ರಶ್ನೆಯನ್ನು ಬಹಳಷ್ಟು ರೈತರು ಕಡೆಗಣಿಸುತ್ತಾರೆ. ಹುರುಳಿಕಾಯಿಯನ್ನು (ಬೀನ್ಸ್) ಮೂರು ನಾಲ್ಕು ದಿನಗಳಿಗೊಮ್ಮೆ ಬಿಡಿಸಲೇಬೇಕು. ಒಂದು ಎಕರೆಗೆ ಒಂದೇ ದಿನ ಬಿತ್ತಿದರೆ ಮನೆಯ ಇಬ್ಬರಿಂದ ಅಷ್ಟನ್ನೂ ಹೊತ್ತಿಗೆ ಸರಿಯಾಗಿ ಬಿಡಿಸಲಾಗದು. ಉಳಿದ ಕಾಯಿ ಬಲಿತು ನಾರಾಗುತ್ತದೆ. ಗಿಡವು ಬೀಜ ಬಲಿಸುವುದರಲ್ಲಿ ತೊಡಗಿ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಆದುದರಿಂದ ಒಂದು ಕೊಯ್ಲು ತಪ್ಪಿದರೆ ಮುಂದಿನ ಕೊಯ್ಲಿನ ಇಳುವರಿಗೂ ಪೆಟ್ಟು ಬೀಳುತ್ತದೆ.

ವಿವಿಧ ಬೆಳೆಗಳ ಮೊದಲ ಕೊಯ್ಲಿಗೆ ಬೇಕಾಗುವ ಅವಧಿ ಸ್ಥೂಲವಾಗಿ ಹೀಗಿದೆ.

- ದಂಟಿನ ಸೊಪ್ಪು: ಬಿತ್ತಿದ 25–30 ದಿನಗಳು
- ಪಾಲಕ್, ಕೊತ್ತಂಬರಿ: 35–40 ದಿನಗಳು
- ಮೂಲಂಗಿ: 40–45 ದಿನಗಳು
- ಹುರುಳಿಕಾಯಿ (ಗಿಡದ ತಳಿಗಳು): 45–50 ದಿನಗಳು
- ಬೆಂಡೆ: 45–50 ದಿನಗಳು
- ಬೀಟ್‌ರೂಟ್: 65–75 ದಿನಗಳು
- ಕ್ಯಾರೆಟ್: 90–100 ದಿನಗಳು
- ನವಿಲುಕೋಸು: ನಾಟಿ ಮಾಡಿದ 50–60 ದಿನಗಳು
- ಟೊಮೆಟೊ: ನಾಟಿ ಮಾಡಿದ 65–75 ದಿನಗಳು
- ಎಲೆಕೋಸು: ನಾಟಿ ಮಾಡಿದ 70–90 ದಿನಗಳು

ತಳಿ, ಮಣ್ಣು ಮತ್ತು ಹವಾಮಾನಕ್ಕೆ ಅನುಗುಣವಾಗಿ ಈ ಅವಧಿಗಳು ಬದಲಾಗುತ್ತವೆ. ಅಕ್ಟೋಬರ್ ನಂತರ ಬಲಿಯುವ ಬೆಳೆಗೆ ಒಂದು ವಾರದಷ್ಟು ಹೆಚ್ಚುವರಿ ಸಮಯವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಕ್ಷೇಮ.

ಒಂದು ಎಕರೆಯ ಮಾದರಿ ಯೋಜನೆ

ಒಂದು ಎಕರೆ ಎಂದರೆ 40 ಗುಂಟೆ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಇದರಲ್ಲಿ 4 ಗುಂಟೆಯನ್ನು ಸಸಿಮಡಿ, ಗೊಬ್ಬರದ ಗುಂಡಿ, ಓಡಾಟದ ದಾರಿ, ಬಸಿಗಾಲುವೆ ಮತ್ತು ತರಕಾರಿ ವಿಂಗಡಿಸುವ ಚಪ್ಪರಕ್ಕೆ ಬಿಟ್ಟು, ಉಳಿದ 36 ಗುಂಟೆಯನ್ನು ತಲಾ 6 ಗುಂಟೆಯ ಆರು ಭಾಗಗಳನ್ನಾಗಿ ಮಾಡಿಕೊಳ್ಳಬೇಕು.

ಮೊದಲನೆಯ ಭಾಗ, ಟೊಮೆಟೊ: ಜೂನ್ ಮಧ್ಯದಲ್ಲಿ ಸಸಿಮಡಿ ಮಾಡಿ ಜುಲೈ ಮಧ್ಯದಲ್ಲಿ ನಾಟಿ ಮಾಡಬೇಕು. 90 × 60 ಸೆಂ.ಮೀ. ಅಂತರದಲ್ಲಿ ಸುಮಾರು 1,100 ಸಸಿಗಳು ಬೇಕಾಗುತ್ತವೆ. ಈ ಕಾಲಕ್ಕೆ ರೋಗನಿರೋಧಕ ತಳಿಯನ್ನೇ ಆರಿಸಿಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣವು ಎಲೆ ಮುಟುರು ನಂಜು, ದುಂಡಾಣು ಸೊರಗು ಮತ್ತು ಬೇಗನೆ ಬರುವ ಅಂಗಮಾರಿ ರೋಗಗಳಿಗೆ ನಿರೋಧಕತೆಯನ್ನು ಹೊಂದಿದೆ. ಅರ್ಕಾ ಅಭೇದ್ ಇವುಗಳ ಜೊತೆಗೆ ತಡವಾಗಿ ಬರುವ ಅಂಗಮಾರಿಗೂ ನಿರೋಧಕ. ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಸಿಗುತ್ತದೆ.

ಎರಡನೆಯ ಭಾಗ, ಹುರುಳಿಕಾಯಿ: ತಲಾ 2 ಗುಂಟೆಯಂತೆ ಮೂರು ಕಂತುಗಳಲ್ಲಿ, ಜುಲೈ 25, ಆಗಸ್ಟ್ 10 ಮತ್ತು ಆಗಸ್ಟ್ 25ರ ಆಸುಪಾಸಿನಲ್ಲಿ ಬಿತ್ತಬೇಕು. ಪ್ರತಿ ಕಂತಿಗೆ 1 ರಿಂದ 1.2 ಕಿ.ಗ್ರಾಂ ಬೀಜ ಸಾಕು. ಮೊದಲ ಕಂತಿನ ಕೊಯ್ಲು ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಆರಂಭವಾಗಿ, ಕೊನೆಯ ಕಂತಿನದು ನವೆಂಬರ್ ಮೊದಲ ವಾರದಲ್ಲಿ ಮುಗಿಯುತ್ತದೆ. ಮಳೆಗಾಲದ ಬೆಳೆಗೆ ತುಕ್ಕು ರೋಗ ಮತ್ತು ದುಂಡಾಣು ಅಂಗಮಾರಿ ನಿರೋಧಕ ತಳಿಯಾದ ಅರ್ಕಾ ಅನೂಪ್ ಸೂಕ್ತ.

ಮೂರನೆಯ ಭಾಗ, ಕೋಸಿನ ಜಾತಿಯ ಬೆಳೆಗಳು: 3 ಗುಂಟೆ ಎಲೆಕೋಸನ್ನು ಆಗಸ್ಟ್ 10 ಮತ್ತು 30ರಂದು ಎರಡು ಕಂತುಗಳಲ್ಲಿ, 60 × 45 ಸೆಂ.ಮೀ. ಅಂತರದಲ್ಲಿ ನಾಟಿ ಮಾಡಬೇಕು. ಉಳಿದ 3 ಗುಂಟೆಗೆ ನವಿಲುಕೋಸನ್ನು ಸೆಪ್ಟೆಂಬರ್ 5 ಮತ್ತು 20ರಂದು ನಾಟಿ ಮಾಡಬಹುದು. ಹೂಕೋಸನ್ನು ಬೆಳೆಯುವವರು ನಾಟಿಯ ಕಾಲಕ್ಕೆ ಹೊಂದುವ ತಳಿಯನ್ನು ಕೇಳಿ ಪಡೆಯಬೇಕು. ಬೇಗನೆ ಬರುವ ತಳಿಯನ್ನು ತಡವಾಗಿ ನಾಟಿ ಮಾಡಿದರೆ ಗಿಡ ಬೆಳೆಯುವ ಮೊದಲೇ ಗುಂಡಿಯಷ್ಟು ಚಿಕ್ಕ ಹೂ ಬಿಟ್ಟು ಬೆಳೆ ವ್ಯರ್ಥವಾಗುತ್ತದೆ.

ನಾಲ್ಕನೆಯ ಭಾಗ, ಗಡ್ಡೆ ತರಕಾರಿಗಳು: ಕ್ಯಾರೆಟ್ 2 ಗುಂಟೆ (ಆಗಸ್ಟ್ ಮೊದಲ ವಾರ), ಬೀಟ್‌ರೂಟ್ 2 ಗುಂಟೆ (ಆಗಸ್ಟ್ ಮಧ್ಯ), ಮೂಲಂಗಿ 2 ಗುಂಟೆ. ಮೂಲಂಗಿಯನ್ನು ಅರ್ಧ ಗುಂಟೆಯಂತೆ ಆಗಸ್ಟ್ 15ರಿಂದ 12 ದಿನಗಳಿಗೊಮ್ಮೆ ನಾಲ್ಕು ಬಾರಿ ಬಿತ್ತಬೇಕು.

ಐದನೆಯ ಭಾಗ, ಸೊಪ್ಪುಗಳು: ತಲಾ ಒಂದು ಗುಂಟೆಯ ಆರು ಪಟ್ಟಿಗಳು. ವಾರಕ್ಕೊಂದು ಪಟ್ಟಿಯಂತೆ ದಂಟು, ಮೆಂತ್ಯ, ಕೊತ್ತಂಬರಿ, ಪಾಲಕ್ ಬಿತ್ತುತ್ತ ಹೋದರೆ ಆರನೆಯ ಪಟ್ಟಿ ಬಿತ್ತುವ ವೇಳೆಗೆ ಮೊದಲನೆಯದು ಕೊಯ್ಲಿಗೆ ಬಂದು ಮತ್ತೆ ಬಿತ್ತನೆಗೆ ತೆರವಾಗುತ್ತದೆ. ದಂಟಿನ ಬೀಜ ಅತಿ ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ಬಿತ್ತಬೇಕು. ಭಾರಿ ಮಳೆಯಲ್ಲಿ ಕೊತ್ತಂಬರಿ ಕೊಳೆಯುವ ಸಂಭವ ಹೆಚ್ಚು; ಹಸ್ತ ಮತ್ತು ಚಿತ್ತೆ ಮಳೆಗಳ ಅವಧಿಗೆ ದಂಟು ಮತ್ತು ಪಾಲಕ್‌ಗೆ ಹೆಚ್ಚು ಪಟ್ಟಿಗಳನ್ನು ಮೀಸಲಿಡಬೇಕು.

ಆರನೆಯ ಭಾಗ, ಅವರೆ: ನಮ್ಮ ನಾಡಿನ ಸೊಗಡಿನ ಅವರೆಯು ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವ ಬೆಳೆ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಅದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹೂವಾಗಿ ಡಿಸೆಂಬರ್–ಜನವರಿಯಲ್ಲಿ ಕಾಯಿ ಕೊಡುತ್ತದೆ. ಹೀಗಾಗಿ ಈ ಬೆಳೆಯಲ್ಲಿ ಕಂತುಗಳ ಬಿತ್ತನೆಯಿಂದ ಕೊಯ್ಲು ಹಂಚಿಹೋಗುವುದಿಲ್ಲ. ತಡವಾಗಿ ಬಿತ್ತಿದಾಗ ಗಿಡಗಳು ಚಿಕ್ಕದಾಗಿ ಉಳಿಯುವುದರಿಂದ ಸಾಲುಗಳ ಅಂತರವನ್ನು ಕಡಿಮೆ ಮಾಡಿ ಗಿಡಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಅಕ್ಟೋಬರ್‌ನಲ್ಲಿಯೇ ಕಾಯಿ ಬೇಕೆಂದಾದರೆ ಹಗಲಿನ ಅವಧಿಗೆ ಸ್ಪಂದಿಸದ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ ಹೆಬ್ಬಾಳ ಅವರೆ-4 ತಳಿಗಳನ್ನು ಬಿತ್ತಬೇಕು. ಅರ್ಧ ಭಾಗಕ್ಕೆ ಇವುಗಳನ್ನೂ ಉಳಿದರ್ಧಕ್ಕೆ ಸೊಗಡಿನ ಅವರೆಯನ್ನೂ ಹಾಕಿದರೆ ಎರಡು ಪ್ರತ್ಯೇಕ ಕೊಯ್ಲುಗಳು ದೊರೆಯುತ್ತವೆ.

ಇದು ಮಾದರಿಯೇ ಹೊರತು ಕಟ್ಟಳೆಯಲ್ಲ. ನೀರು, ಮಾರುಕಟ್ಟೆಯ ದೂರ ಮತ್ತು ಕುಟುಂಬದ ದುಡಿಮೆಗೆ ತಕ್ಕಂತೆ ಭಾಗಗಳ ಪ್ರಮಾಣವನ್ನು ಬದಲಿಸಿಕೊಳ್ಳಬಹುದು.

ಭೂಮಿಯ ಸಿದ್ಧತೆ ಮತ್ತು ಬಸಿಗಾಲುವೆ

ಈ ಋತುವಿನಲ್ಲಿ ಬೆಳೆಯ ಅಳಿವು ಉಳಿವು ಬಹುಮಟ್ಟಿಗೆ ನೀರು ಬಸಿದು ಹೋಗುವುದನ್ನು ಅವಲಂಬಿಸಿದೆ. ಬೇರಿನ ಸುತ್ತ ನೀರು ನಿಂತರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಸೊರಗು ರೋಗದ ರೋಗಾಣುಗಳು ಹರಿಯುವ ನೀರಿನೊಂದಿಗೆ ಸಾಲಿನಿಂದ ಸಾಲಿಗೆ ಸಾಗುತ್ತವೆ. ಆದುದರಿಂದ ಕೆಳಕಂಡ ಕ್ರಮಗಳನ್ನು ಮಳೆ ಬಲಗೊಳ್ಳುವ ಮೊದಲೇ ಕೈಗೊಳ್ಳಬೇಕು.

- ಎಲ್ಲ ಬೆಳೆಗಳನ್ನೂ ಕನಿಷ್ಠ 15 ಸೆಂ.ಮೀ. ಎತ್ತರದ ಏರುಮಡಿಗಳ ಮೇಲೆ ಬೆಳೆಯಬೇಕು.
- ಜಮೀನಿನ ಇಳಿಜಾರಿಗೆ ಅಡ್ಡಲಾಗಿ ಮಡಿಗಳನ್ನೂ, ಅಂಚಿನಲ್ಲಿ ಸುಮಾರು 30 ಸೆಂ.ಮೀ. ಆಳದ ಬಸಿಗಾಲುವೆಯನ್ನೂ ಮಾಡಬೇಕು.
- ಹೊರಗಿನ ನೀರು ಜಮೀನಿಗೆ ನುಗ್ಗದಂತೆ ಮೇಲ್ಭಾಗದಲ್ಲಿ ಬದು ನಿರ್ಮಿಸಿ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಬೇಕು. ಈ ನೀರೇ ನವೆಂಬರ್–ಡಿಸೆಂಬರ್‌ನಲ್ಲಿ ರಕ್ಷಣಾತ್ಮಕ ನೀರಾವರಿಗೆ ಒದಗುತ್ತದೆ.
- ರಾಗಿ ಹುಲ್ಲು, ಒಣಗಿದ ತರಗು ಅಥವಾ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಕಿದಲ್ಲಿ ಮಳೆ ಹನಿಯೊಂದಿಗೆ ಮಣ್ಣು ಸಿಡಿದು ಕೆಳಗಿನ ಎಲೆಗಳಿಗೂ ಕಾಯಿಗಳಿಗೂ ರೋಗಾಣು ತಗಲುವುದು ತಪ್ಪುತ್ತದೆ.

ಹಿಂದಿನ ಋತುವಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಅಥವಾ ಆಲೂಗಡ್ಡೆ ಬೆಳೆದ ಭಾಗಕ್ಕೆ ಮತ್ತೆ ಟೊಮೆಟೊ ಹಾಕಬಾರದು. ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದ್ದು, ದುಂಡಾಣು ಸೊರಗು ರೋಗಕ್ಕೆ ಸಮಾನವಾಗಿ ತುತ್ತಾಗುತ್ತವೆ.

ಸಸಿಮಡಿ ಮತ್ತು ಬೀಜೋಪಚಾರ

ಮಳೆಗಾಲದಲ್ಲಿ ಸಸಿಗಳನ್ನು ನೆಲದ ಮಡಿಗಿಂತ 98 ಗುಳಿಗಳ ಪ್ರೋಟ್ರೇಗಳಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ, 40–50 ಮೆಷ್‌ನ ನೈಲಾನ್ ಪರದೆಯೊಳಗೆ ಬೆಳೆಸುವುದು ಉತ್ತಮ. ಇದರಿಂದ ಬಿಳಿನೊಣ ತರುವ ನಂಜು ರೋಗದಿಂದ ಎಳೆಯ ಸಸಿಗೆ ರಕ್ಷಣೆ ದೊರೆಯುತ್ತದೆ. ಬಿತ್ತುವ ಮೊದಲು ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಉಪಚರಿಸಬೇಕು. ಟ್ರೇಗಳಿಗೆ ಅತಿಯಾಗಿ ನೀರು ಕೊಡುವುದೇ ಸಸಿಗಳ ಬುಡ ಕೊಳೆತು ಬೀಳಲು ಮುಖ್ಯ ಕಾರಣ. ಮೋಡ ಕವಿದ ದಿನಗಳಲ್ಲಿ ಮೇಲ್ಭಾಗ ಒಣಗಿರುವುದನ್ನು ನೋಡಿಕೊಂಡೇ ನೀರುಣಿಸಬೇಕು. 25–30 ದಿನಗಳ, ಗಿಡ್ಡನೆಯ ದೃಢವಾದ ಸಸಿಗಳನ್ನು ಸಂಜೆಯ ವೇಳೆ ನಾಟಿ ಮಾಡಬೇಕು.

ಪೋಷಕಾಂಶಗಳ ನಿರ್ವಹಣೆ

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಹೆಕ್ಟೇರಿಗೆ 25 ಟನ್, ಅಂದರೆ ಗುಂಟೆಗೆ ಸುಮಾರು 250 ಕಿ.ಗ್ರಾಂ ಪ್ರಮಾಣದಲ್ಲಿ ನಾಟಿಗೆ ಎರಡು ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಬೇಕು. ಕ್ಯಾರೆಟ್ ಮತ್ತು ಮೂಲಂಗಿಗೆ ಹಸಿ ಗೊಬ್ಬರ ಹಾಕಿದರೆ ಗಡ್ಡೆ ಕವಲೊಡೆಯುತ್ತದೆ. ರಾಸಾಯನಿಕ ಗೊಬ್ಬರಗಳ ಪ್ರಮಾಣವನ್ನು ಮಣ್ಣು ಪರೀಕ್ಷೆಯ ಆಧಾರದಲ್ಲಿ ನಿರ್ಧರಿಸಬೇಕು. ಮಳೆಯಲ್ಲಿ ಸಾರಜನಕವು ಬೇರಿನ ಆಳಕ್ಕಿಂತ ಕೆಳಕ್ಕೆ ಬಸಿದು ಹೋಗುವುದರಿಂದ ಅದನ್ನು ಒಮ್ಮೆಗೇ ಕೊಡದೆ ಮೂರು ನಾಲ್ಕು ಕಂತುಗಳಲ್ಲಿ, ಮಳೆ ಬಿಡುವು ಕೊಟ್ಟಾಗ ಕೊಡಬೇಕು. ಅಗತ್ಯಕ್ಕಿಂತ ಹೆಚ್ಚು ಸಾರಜನಕ ಪಡೆದ ಗಿಡದ ಎಲೆಗಳು ಮೃದುವಾಗಿ, ದಟ್ಟವಾಗಿ ಬೆಳೆದು ರೋಗಕ್ಕೆ ಬೇಗನೆ ತುತ್ತಾಗುತ್ತವೆ.

ರೋಗ ಮತ್ತು ಕೀಟಗಳ ನಿರ್ವಹಣೆ

ಟೊಮೆಟೊದ ಅಂಗಮಾರಿ: ಎರಡು ಬಗೆಯ ಅಂಗಮಾರಿಯನ್ನು ಬೇರ್ಪಡಿಸಿ ಗುರುತಿಸುವುದು ಅತ್ಯವಶ್ಯ. ಬೇಗನೆ ಬರುವ ಅಂಗಮಾರಿಯಲ್ಲಿ ಕೆಳಗಿನ ಹಳೆಯ ಎಲೆಗಳ ಮೇಲೆ ಒಂದರೊಳಗೊಂದು ಉಂಗುರಗಳಿರುವ ಕಂದು ಚುಕ್ಕೆಗಳು ಕಾಣುತ್ತವೆ. ರೋಗ ನಿಧಾನವಾಗಿ ಮೇಲೇರುತ್ತದೆ. ತಡವಾಗಿ ಬರುವ ಅಂಗಮಾರಿಯಲ್ಲಿ ಎಲೆಯ ಅಂಚಿನಿಂದ ನೀರು ತುಂಬಿದಂತಹ ಕಡುಹಸಿರು ಮಚ್ಚೆಗಳು ಆರಂಭವಾಗಿ ಕಪ್ಪಾಗುತ್ತವೆ. ಮುಂಜಾನೆ ಎಲೆಯ ತಳಭಾಗದಲ್ಲಿ ಬಿಳಿಯ ಬೂಷ್ಟು ಕಾಣಿಸುತ್ತದೆ. ಹಸಿರು ಕಾಯಿಗಳ ಮೇಲೆ ಎಣ್ಣೆ ಹಚ್ಚಿದಂತಹ ಗಟ್ಟಿ ಕಂದು ಮಚ್ಚೆಗಳು ಬೀಳುತ್ತವೆ. ತಂಪಾದ ರಾತ್ರಿ, ಮೋಡ ಮತ್ತು ಜಿನುಗು ಮಳೆ ಒಟ್ಟುಗೂಡಿದರೆ ಇದು ಕೆಲವೇ ದಿನಗಳಲ್ಲಿ ತೋಟವನ್ನೆಲ್ಲ ವ್ಯಾಪಿಸುತ್ತದೆ. ರೋಗ ಕಾಣಿಸಿದ ಮೇಲೆ ತೆಗೆದುಕೊಳ್ಳುವ ಕ್ರಮಕ್ಕಿಂತ ಮುಂಜಾಗ್ರತೆಯೇ ಮುಖ್ಯ. ಗಿಡಗಳಿಗೆ ಆಸರೆ ಕೊಟ್ಟು ಕಟ್ಟಬೇಕು. ನೆಲದಿಂದ 30 ಸೆಂ.ಮೀ. ಎತ್ತರದವರೆಗಿನ ಎಲೆಗಳನ್ನು ಒಣಹವೆಯ ದಿನ ತೆಗೆಯಬೇಕು. ಜಿನುಗು ಮಳೆಯ ಮುನ್ಸೂಚನೆ ಇದ್ದಾಗ ಅದಕ್ಕೂ ಮೊದಲೇ ಶೇ. 1ರ ಬೋರ್ಡೋ ದ್ರಾವಣ (1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು) ಅಥವಾ ಪ್ರತಿ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪಡಿಸಬೇಕು. ರೋಗ ತಗುಲಿದ ಗಿಡಗಳನ್ನು ಬದುವಿನ ಮೇಲೆ ಎಸೆಯದೆ ಹೂಳಬೇಕು.

ಹುರುಳಿಕಾಯಿಯ ತುಕ್ಕು ರೋಗ: ಎಲೆಗಳ ತಳಭಾಗದಲ್ಲಿ ತುಕ್ಕಿನ ಬಣ್ಣದ ಸಣ್ಣ ಗುಳ್ಳೆಗಳು ಮೂಡುತ್ತವೆ. ಒದ್ದೆ ಎಲೆಗಳ ನಡುವೆ ಓಡಾಡಿದರೆ ರೋಗಾಣುಗಳು ಕೈ, ಬಟ್ಟೆಗಳ ಮೂಲಕ ಗಿಡದಿಂದ ಗಿಡಕ್ಕೆ ಹರಡುತ್ತವೆ. ಹೀಗಾಗಿ ಇಬ್ಬನಿ ಆರಿದ ಮೇಲೆಯೇ ಕಾಯಿ ಬಿಡಿಸಬೇಕು. ಹೊಸ ಕಂತನ್ನು ಮೊದಲು, ಹಳೆಯ ಕಂತನ್ನು ಕೊನೆಗೆ ಬಿಡಿಸಬೇಕು.

ಕೋಸಿನ ವಜ್ರಬೆನ್ನಿನ ಪತಂಗ: ಕೋಸಿನ ಪ್ರತಿ 25 ಸಾಲುಗಳಿಗೆ ಎರಡು ಸಾಲು ಸಾಸಿವೆಯನ್ನು ಬಲೆಬೆಳೆಯಾಗಿ ಬಿತ್ತಬೇಕು. ಒಂದು ಸಾಲನ್ನು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಗಳ ನಂತರ ಬಿತ್ತಿದಲ್ಲಿ ಪತಂಗಗಳು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತವೆ. ಮರಿಹುಳುಗಳನ್ನು ಅಲ್ಲಿಯೇ ನಾಶಪಡಿಸಬೇಕು. ಸಾಸಿವೆಯನ್ನು ಗಮನಿಸದೆ ಬಿಟ್ಟರೆ ಅದೇ ಕೀಟದ ತವರಾಗುತ್ತದೆ. ಗಡ್ಡೆ ಕಟ್ಟುವ ಹಂತದಲ್ಲಿ ಶೇ. 4ರ ಬೇವಿನ ಬೀಜದ ತಿರುಳಿನ ಕಷಾಯವನ್ನು ಸಿಂಪಡಿಸಬಹುದು. ಇದಕ್ಕೆ 4 ಕಿ.ಗ್ರಾಂ ತಿರುಳನ್ನು ಪುಡಿಮಾಡಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರ್‌ಗೆ ಹೆಚ್ಚಿಸಿ, ಸ್ವಲ್ಪ ಸಾಬೂನಿನ ದ್ರಾವಣವನ್ನು ಬೆರೆಸಿ ಸಂಜೆಯ ವೇಳೆ ಬಳಸಬೇಕು.

ಬಸವನಹುಳು: ಮಳೆಯ ರಾತ್ರಿಗಳಲ್ಲಿ ಎಳೆಯ ಸಸಿಗಳನ್ನು ತಿನ್ನುತ್ತವೆ. ಸಂಜೆ ಒದ್ದೆ ಗೋಣಿಚೀಲಗಳನ್ನು ಬದುಗಳ ಮೇಲೆ ಹಾಸಿ, ಬೆಳಗ್ಗೆ ಅವುಗಳ ಅಡಿಯಲ್ಲಿ ಸೇರಿದ ಹುಳುಗಳನ್ನು ಆರಿಸಿ ಉಪ್ಪು ನೀರಿನಲ್ಲಿ ಹಾಕಿ ನಾಶಪಡಿಸಬೇಕು. ಬರಿಗೈಯಿಂದ ಮುಟ್ಟಬಾರದು.

ಬೂದಿ ರೋಗ: ನವೆಂಬರ್‌ನಲ್ಲಿ ಹಗಲು ಒಣಹವೆ, ರಾತ್ರಿ ಇಬ್ಬನಿ ಇರುವಾಗ ಬೆಂಡೆ ಮತ್ತು ಬಳ್ಳಿ ತರಕಾರಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಬಿಳಿಯಾದ ಎಲೆಗಳನ್ನು ಕೂಡಲೇ ತೆಗೆದುಹಾಕಬೇಕು.

ಸಿಂಪರಣೆ ಮತ್ತು ಕೊಯ್ಲಿನ ನಡುವಿನ ಅಂತರ

ಪ್ರತಿಯೊಂದು ಪೀಡೆನಾಶಕದ ಚೀಟಿಯ ಮೇಲೆ ಸಿಂಪರಣೆಯಾದ ಎಷ್ಟು ದಿನಗಳ ನಂತರ ಕೊಯ್ಲು ಮಾಡಬೇಕೆಂಬುದನ್ನು ನಮೂದಿಸಿರುತ್ತಾರೆ. ಅದನ್ನು ಪಾಲಿಸುವುದು ಗ್ರಾಹಕರ ಆರೋಗ್ಯದ ಪ್ರಶ್ನೆ. ಅದೇ ತರಕಾರಿಯನ್ನು ಉಣ್ಣುವ ರೈತನ ಮಕ್ಕಳ ಆರೋಗ್ಯದ ಪ್ರಶ್ನೆಯೂ ಹೌದು. ಸತತವಾಗಿ ಕೊಯ್ಲಾಗುವ ಬೆಳೆಗಳಲ್ಲಿ ಈ ನಿಯಮವೇ ಹೆಚ್ಚಾಗಿ ಮುರಿಯುತ್ತದೆ. ಉದಾಹರಣೆಗೆ, ಮೂರು ದಿನಕ್ಕೊಮ್ಮೆ ಬಿಡಿಸುವ ಹುರುಳಿಕಾಯಿಗೆ ಏಳು ದಿನಗಳ ಅಂತರ ಬೇಕಾದ ಔಷಧಿಯನ್ನು ಸಿಂಪಡಿಸಿದರೆ ಎರಡು ಕೊಯ್ಲುಗಳನ್ನು ಕೈಬಿಡಬೇಕಾಗುತ್ತದೆ. ಆದುದರಿಂದ ಇಂತಹ ಔಷಧಿಗಳ ಬಳಕೆಯನ್ನು ಹೂ ಬಿಡುವುದಕ್ಕಿಂತ ಮೊದಲೇ ಮುಗಿಸಬೇಕು. ಕೊಯ್ಲಿನ ಹಂತದಲ್ಲಿ ಬೇವಿನ ಉತ್ಪನ್ನಗಳು, ಜೈವಿಕ ಪೀಡೆನಾಶಕಗಳು, ಹಳದಿ ಅಂಟುಪಟ್ಟಿಗಳು ಮತ್ತು ಮೋಹಕ ಬಲೆಗಳನ್ನೇ ಅವಲಂಬಿಸಬೇಕು. ಸೊಪ್ಪುಗಳಿಗೆ ರಾಸಾಯನಿಕ ಕೀಟನಾಶಕಗಳನ್ನು ಸಿಂಪಡಿಸಬಾರದು. ಕಂತುಗಳ ಬೇಸಾಯದಲ್ಲಿ ಅಕ್ಕಪಕ್ಕದ ಪಟ್ಟಿಗಳು ಬೇರೆ ಬೇರೆ ಹಂತದಲ್ಲಿರುವುದರಿಂದ, ಸಿಂಪರಣೆಯ ಹನಿಗಳು ಕೊಯ್ಲಿಗೆ ಸಿದ್ಧವಾದ ಪಟ್ಟಿಯ ಮೇಲೆ ಬೀಳದಂತೆ ಗಾಳಿಯಿಲ್ಲದ ವೇಳೆಯನ್ನು ಆರಿಸಿಕೊಳ್ಳಬೇಕು.

ಕೊಯ್ಲಿನ ಹಂತಗಳು

- ಟೊಮೆಟೊ: ದೂರದ ಮಾರುಕಟ್ಟೆಗೆ ಬಲಿತ ಹಸಿರು ಅಥವಾ ತುದಿಯಲ್ಲಿ ಬಣ್ಣ ತಿರುಗಿದ ಹಂತ, ಹತ್ತಿರದ ಸಂತೆಗೆ ನಸುಗೆಂಪು ಹಂತ. ಒಣಹವೆಯ ನಂತರ ಜೋರು ಮಳೆ ಬಂದರೆ ಹಣ್ಣು ಬಿರಿಯುತ್ತದೆ. ಭಾರಿ ಮಳೆಯ ಮುನ್ಸೂಚನೆ ಇದ್ದಾಗ ಬಣ್ಣ ತಿರುಗಿದ ಕಾಯಿಗಳನ್ನೆಲ್ಲ ಮೊದಲೇ ಬಿಡಿಸಿ ನೆರಳಿನಲ್ಲಿ ಮಾಗಲು ಬಿಡಬೇಕು.
- ಹುರುಳಿಕಾಯಿ: ಒಳಗಿನ ಬೀಜ ಉಬ್ಬಿ ಕಾಣುವ ಮೊದಲು. ಕಾಯಿಯನ್ನು ಬಾಗಿಸಿದರೆ ಚಟ್ಟನೆ ಮುರಿಯಬೇಕು.
- ಎಲೆಕೋಸು: ಗಡ್ಡೆಯನ್ನು ಒತ್ತಿದಾಗ ಗಟ್ಟಿಯಾಗಿರಬೇಕು. ಬಲಿತ ಗಡ್ಡೆಯನ್ನು ಮಳೆಗೆ ಬಿಟ್ಟರೆ ಒಡೆಯುತ್ತದೆ. ಕತ್ತರಿಸುವಾಗ ಎರಡು ಮೂರು ಹೊರ ಎಲೆಗಳನ್ನು ಉಳಿಸಿದರೆ ಸಾಗಣೆಯಲ್ಲಿ ರಕ್ಷಣೆ.
- ನವಿಲುಕೋಸು, ಮೂಲಂಗಿ: ಎಳೆಯದಾಗಿರುವಾಗಲೇ. ತಡವಾದರೆ ನವಿಲುಕೋಸು ನಾರಾಗುತ್ತದೆ, ಮೂಲಂಗಿ ಬೆಂಡಾಗುತ್ತದೆ.
- ಬೆಂಡೆ: ಹೂ ಅರಳಿದ 4–6 ದಿನಗಳಿಗೆ, ತುದಿ ಸುಲಭವಾಗಿ ಮುರಿಯುವ ಹಂತ. ಸೆಪ್ಟೆಂಬರ್‌ನಲ್ಲಿ ದಿನ ಬಿಟ್ಟು ದಿನ. ಚಳಿ ಹೆಚ್ಚಿದಂತೆ ಮೂರು ದಿನಕ್ಕೊಮ್ಮೆ.
- ಕ್ಯಾರೆಟ್, ಬೀಟ್‌ರೂಟ್: ಹಿಂದಿನ ದಿನ ಲಘುವಾಗಿ ನೀರು ಕೊಟ್ಟು ಕಿತ್ತರೆ ಗಡ್ಡೆ ಮುರಿಯುವುದಿಲ್ಲ. ದೂರ ಸಾಗಿಸುವುದಾದರೆ ಸೊಪ್ಪನ್ನು ತೆಗೆಯಬೇಕು. ಇಲ್ಲವಾದರೆ ಅದು ಗಡ್ಡೆಯ ತೇವವನ್ನು ಹೀರಿ ಬಾಡಿಸುತ್ತದೆ.
- ಸೊಪ್ಪುಗಳು: ಮುಂಜಾನೆ ಅಥವಾ ಸಂಜೆ ತಂಪು ಹೊತ್ತಿನಲ್ಲಿ.

ಕೊಯ್ಲೋತ್ತರ ನಿರ್ವಹಣೆ

ಕೊಯ್ದ ತರಕಾರಿಯು ಬಿಸಿಲಿನಲ್ಲಿ ಕಳೆಯುವ ಪ್ರತಿ ಗಂಟೆಯೂ ಅದರ ತೂಕ ಮತ್ತು ಬಾಳಿಕೆಯನ್ನು ಕಡಿಮೆ ಮಾಡುತ್ತದೆ. ಜಮೀನಿನ ಅಂಚಿನಲ್ಲಿ ಸರಳ ಚಪ್ಪರವೊಂದನ್ನು ಹಾಕಿ ಅಲ್ಲಿಯೇ ವಿಂಗಡಣೆ ಮಾಡಬೇಕು. ಒದ್ದೆಯಾದ ಕಾಯಿಗಳನ್ನು ಹರವಿ ತೇವ ಆರಿದ ಮೇಲೆಯೇ ತುಂಬಬೇಕು. ಗೋಣಿಚೀಲಗಳಿಗಿಂತ ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಟೊಮೆಟೊ ಜಜ್ಜುವುದು ಕಡಿಮೆ. ರೋಗದ ಮಚ್ಚೆಯಿರುವ ಒಂದು ಹಣ್ಣನ್ನೂ ಕ್ರೇಟಿನಲ್ಲಿ ಉಳಿಸಬಾರದು. ಸಾಗಣೆಯ ವೇಳೆಯಲ್ಲಿಯೇ ಕೊಳೆ ಪಕ್ಕದ ಹಣ್ಣುಗಳಿಗೆ ಹರಡುತ್ತದೆ.

ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಶೂನ್ಯ ಶಕ್ತಿಯ ಶೀತಲ ಕೋಣೆಯನ್ನು ಇಟ್ಟಿಗೆಯ ಎರಡು ಗೋಡೆಗಳ ನಡುವೆ ಸುಮಾರು 7.5 ಸೆಂ.ಮೀ. ಜಾಗ ಬಿಟ್ಟು, ಅದರಲ್ಲಿ ಮರಳು ತುಂಬಿ, ನೀರಿನಿಂದ ತೋಯಿಸಿ ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು. ನೀರು ಆವಿಯಾಗುವುದರಿಂದ ಒಳಗೆ ತಂಪಾಗುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಮಳೆಯ ದಿನಗಳಲ್ಲಿ ಇದರ ಪ್ರಯೋಜನ ಕಡಿಮೆ. ನವೆಂಬರ್ ನಂತರದ ಒಣಹವೆಯಲ್ಲಿ ಸೊಪ್ಪು ಮತ್ತು ಗಡ್ಡೆಗಳನ್ನು ಒಂದೆರಡು ದಿನ ಹೆಚ್ಚು ಕಾಪಾಡಲು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಮಾರಾಟದ ಯೋಜನೆ

ಒಂದು ತರಕಾರಿಗೆ ಒಳ್ಳೆಯ ಬೆಲೆ ಬಂದ ವಾರದಲ್ಲಿ ಎಲ್ಲರೂ ಅದನ್ನೇ ನಾಟಿ ಮಾಡುತ್ತಾರೆ. ಎರಡು ಮೂರು ತಿಂಗಳ ನಂತರ ಎಲ್ಲರ ಫಸಲೂ ಒಟ್ಟಿಗೆ ಬಂದು ಬೆಲೆ ಕುಸಿಯುತ್ತದೆ. ಕೋಲಾರದ ಟೊಮೆಟೊ ಮಾರುಕಟ್ಟೆಯ ಏರಿಳಿತವನ್ನು ಬಲ್ಲ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರು ಗುಂಟೆ ಟೊಮೆಟೊಗೆ ಬೆಲೆ ಬೀಳುವುದಕ್ಕೂ, ನಲವತ್ತು ಗುಂಟೆ ಟೊಮೆಟೊಗೆ ಬೆಲೆ ಬೀಳುವುದಕ್ಕೂ ಇರುವ ವ್ಯತ್ಯಾಸವೇ ಸಣ್ಣ ಕುಟುಂಬವೊಂದು ಸಾಲಕ್ಕೆ ಸಿಲುಕುವುದಕ್ಕೂ ಸಿಲುಕದಿರುವುದಕ್ಕೂ ಇರುವ ವ್ಯತ್ಯಾಸ. ಹಲವು ಬಗೆಯ ತರಕಾರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಯುವವರು ಸ್ಥಳೀಯ ಸಂತೆ, ಹಾಪ್‌ಕಾಮ್ಸ್ ಮತ್ತು ರೈತ ಉತ್ಪಾದಕ ಸಂಸ್ಥೆಗಳ ಮೂಲಕ ಮಾರುವುದು ಅನುಕೂಲ. ನೆರೆಹೊರೆಯ ನಾಲ್ಕೈದು ರೈತರು ಕಂತುಗಳನ್ನು ಪರಸ್ಪರ ಮಾತಾಡಿ ಹಂಚಿಕೊಂಡರೆ ಒಂದೇ ವಾಹನದಲ್ಲಿ ಎಲ್ಲರ ಸರಕನ್ನೂ ಸಾಗಿಸಬಹುದು.

ಋತುವಿನ ಕೊನೆಯಲ್ಲಿ

ಒಂದು ಬೆಳೆಯ ಕೊಯ್ಲಿನ ಕೂಲಿ ಮತ್ತು ಸಾಗಣೆಯ ಖರ್ಚು ಅದರ ಮಾರಾಟದ ಹಣವನ್ನು ಮೀರಿದಾಗ ಆ ಪಟ್ಟಿಯನ್ನು ತೆರವುಗೊಳಿಸಬೇಕು. ಮುಗಿದ ಹುರುಳಿ, ಟೊಮೆಟೊ ಗಿಡಗಳನ್ನು ಹೊಲದಲ್ಲಿಯೇ ಬಿಟ್ಟರೆ ಪಕ್ಕದ ಹೊಸ ಕಂತುಗಳಿಗೆ ರೋಗ ಮತ್ತು ಕೀಟಗಳು ದಾಟುತ್ತವೆ. ಆರೋಗ್ಯವಂತ ತ್ಯಾಜ್ಯವನ್ನು ಗೊಬ್ಬರದ ಗುಂಡಿಗೂ, ರೋಗದ ಗಿಡಗಳನ್ನು ಬೇರೆಯದೇ ಗುಂಡಿಗೂ ಹಾಕಬೇಕು. ತೆರವಾದ ಪಟ್ಟಿಗೆ ನವೆಂಬರ್‌ನಲ್ಲಿ ಹೊದಿಕೆ ಹಾಕಿ, ಉಳಿದ ತೇವದಲ್ಲಿಯೇ ಮೆಂತ್ಯ, ಕೊತ್ತಂಬರಿ ಅಥವಾ ಮೂಲಂಗಿಯನ್ನು ಬಿತ್ತಬಹುದು. ಹೊಂಡದ ನೀರನ್ನು ಹೂವು ಕಾಯಿ ಕಟ್ಟುವ ಹಂತದ ಅವರೆಗೆ ಮೀಸಲಿಡಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರಿಗೆ ಇಡೀ ಯೋಜನೆಯನ್ನು ಮೊದಲ ವರ್ಷವೇ ಅಳವಡಿಸಿಕೊಳ್ಳಲು ಒತ್ತಾಯಿಸುವುದು ಬೇಡ. ಹುರುಳಿಕಾಯಿಯ ಮೂರು ಕಂತುಗಳು ಮತ್ತು ಸೊಪ್ಪಿನ ಪಟ್ಟಿಗಳಿಂದ ಆರಂಭಿಸುವುದು ಸುಲಭ. ಪ್ರತಿ ಕಂತಿಗೂ ಬಿತ್ತಿದ ದಿನ, ಮೊದಲ ಮತ್ತು ಕೊನೆಯ ಕೊಯ್ಲಿನ ದಿನ, ಸಿಂಪರಣೆಯ ದಿನ, ಮಾರಿದ ತೂಕ ಮತ್ತು ದೊರೆತ ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ತಿಳಿಸಬೇಕು. ಎರಡು ಮೂರು ವರ್ಷಗಳ ಇಂತಹ ಲೆಕ್ಕವು ಆ ಊರಿನ ಮಣ್ಣಿಗೂ ಮಾರುಕಟ್ಟೆಗೂ ಹೊಂದುವ ಬಿತ್ತನೆಯ ದಿನಗಳನ್ನು ಯಾವುದೇ ಸಾಮಾನ್ಯ ಪಟ್ಟಿಗಿಂತ ನಿಖರವಾಗಿ ತೋರಿಸಿಕೊಡುತ್ತದೆ. ಹವಾಮಾನ ಮುನ್ಸೂಚನೆಯನ್ನು ಹಸ್ತದಿಂದ ವಿಶಾಖೆಯವರೆಗೆ ವಾರಕ್ಕೆರಡು ಬಾರಿಯಾದರೂ ರೈತರಿಗೆ ತಲುಪಿಸಬೇಕು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಇಲಾಖೆಯನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.